ಹಳೇ ಅಮೆರಿಕನ್ ಕಾರಿಗೆಲ್ಲ ಕೋಟಿ ಬೆಲೆಯೇ? ಫ್ರೆಡ್ ಡ್ಯೂಸೆನ್‌ಬರ್ಗ್ ಬದುಕಿನಲ್ಲಿದೆ ಉತ್ತರ

ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ ಅಮೆರಿಕನ್ ಕಾರಿನ ಫೋಟೊ. ಅದರ ಕೆಳಗೆ, ಇಂಥ ಕಾರು ನಿಮ್ಮ ಮನೆಯಲ್ಲಿದ್ದರೆ ನೀವು ಕೋಟ್ಯಧಿಪತಿ ಎಂಬ ಬರಹ. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕಾರವಾರದ ತೋಡೂರಿನಲ್ಲಿರಲಿ, ಅಂಕೋಲಾದಲ್ಲಿರಲಿ, ಅಜ್ಜನ ಕಾಲದ ಕಾರು ಇನ್ನೂ ಇಟ್ಟುಕೊಂಡವರಿಗೆ ಇದು ತಮಾಷೆಯ ಮಾತಲ್ಲ. ಇದನ್ನು ನಂಬಿ ಸಾಲ ಮಾಡಿ ರಿಪೇರಿಗೆ ಸುರಿದರೆ ಕೈ ಸುಡಬಹುದು. ಏನೂ ನೋಡದೆ ಗುಜರಿಗೆ ಹಾಕಿದರೂ ನಷ್ಟವಾಗಬಹುದು.

ಹಾಗಾದರೆ ಹಳೇ ಕಾರಿನ ಬೆಲೆ ಯಾವುದರ ಮೇಲೆ ನಿಂತಿದೆ? ಇದನ್ನು ತಿಳಿಯಲು ನಾವು ಒಬ್ಬ ಮೆಕ್ಯಾನಿಕ್‌ನ ಬದುಕನ್ನು ನೋಡೋಣ.

ಸೈಕಲ್ ಅಂಗಡಿಯಿಂದ ಶುರು

ಫ್ರೆಡ್ ಡ್ಯೂಸೆನ್‌ಬರ್ಗ್ ಹುಟ್ಟಿದ್ದು 1876ರಲ್ಲಿ, ಜರ್ಮನಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಮನೆಯವರೊಂದಿಗೆ ಅಮೆರಿಕದ ಅಯೋವಾಕ್ಕೆ ಬಂದ. ದೊಡ್ಡ ಓದು ಇರಲಿಲ್ಲ, ಆದರೆ ಯಂತ್ರ ಬಿಚ್ಚಿ ಜೋಡಿಸುವ ಕೈಚಳಕ ಇತ್ತು. ಸೈಕಲ್ ಅಂಗಡಿ ನಡೆಸಿದ, ಸೈಕಲ್ ರೇಸ್‌ಗಳಲ್ಲಿ ಓಡಿದ. ಆಮೇಲೆ ತಮ್ಮ ಆಗಸ್ಟ್ ಜೊತೆ ಸೇರಿ ಕಾರು ಎಂಜಿನ್ ಕಟ್ಟಲು ಇಳಿದ.

1921ರಲ್ಲಿ ಇವರ ರೇಸ್ ಕಾರು ಫ್ರೆಂಚ್ ಗ್ರ್ಯಾನ್‌ಪ್ರೀ ಗೆದ್ದಿತು. 1924ರಲ್ಲಿ ಇವರದೇ ಇನ್ನೊಂದು ಕಾರು ಇಂಡಿಯಾನಾಪೊಲಿಸ್ 500 ರೇಸ್ ಗೆದ್ದಿತು. ಸೂಪರ್‌ಚಾರ್ಜರ್ ಇದ್ದ ಕಾರೊಂದು ಆ ರೇಸ್ ಗೆದ್ದದ್ದು ಅದೇ ಮೊದಲು.

ಸೂಪರ್‌ಚಾರ್ಜರ್ ಎಂದರೇನು? ಕಮ್ಮಾರನ ತಿದಿ ನೆನಪಿಸಿಕೊಳ್ಳಿ. ಗಾಳಿ ಒತ್ತಿದಷ್ಟೂ ಬೆಂಕಿ ಜೋರು. ಇದೂ ಹಾಗೆಯೇ. ಎಂಜಿನ್ನಿನ ಬಲದಿಂದಲೇ ತಿರುಗುವ ಒಂದು ಫ್ಯಾನು ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿಯೂ ಹೆಚ್ಚುತ್ತದೆ.

ಎಂಜಿನ್ನೇ ಕಾರಿನ ಜಾತಕ

ಕೆಲಸದಲ್ಲಿ ನಿಪುಣನಾದರೂ ಫ್ರೆಡ್‌ಗೆ ವ್ಯಾಪಾರ ಕೈಹಿಡಿಯಲಿಲ್ಲ. 1926ರಲ್ಲಿ ಕಂಪನಿ ಉದ್ಯಮಿ ಇ. ಎಲ್. ಕಾರ್ಡ್ ಕೈಗೆ ಹೋಯಿತು. ಅಮೆರಿಕದಲ್ಲೇ ಅತ್ಯುತ್ತಮ ಕಾರು ಮಾಡಿಕೊಡು ಎಂಬುದು ಹೊಸ ಮಾಲೀಕನ ಬೇಡಿಕೆ. 1928ರ ಕೊನೆಗೆ ಮಾಡೆಲ್ ಜೆ ಬಂತು. 6.9 ಲೀಟರ್ ಎಂಜಿನ್, ಎಂಟು ಸಿಲಿಂಡರ್, 32 ವಾಲ್ವ್. ನಮ್ಮ ಮಾರುತಿ 800ರ ಎಂಜಿನ್ನಿಗಿಂತ ಎಂಟು ಪಟ್ಟಿಗೂ ದೊಡ್ಡದು. ಕಂಪನಿ ಹೇಳಿಕೊಂಡ ಶಕ್ತಿ 265 ಹಾರ್ಸ್‌ಪವರ್. ಎಂಜಿನ್ ಮತ್ತು ಚಾಸಿಗೇ ಶುರುವಿನಲ್ಲಿ 8,500 ಡಾಲರ್. ಬಾಡಿ ಕಟ್ಟಿಸುವ ಖರ್ಚು ಬೇರೆ.

1932ರಲ್ಲಿ ಇದಕ್ಕೆ ಸೂಪರ್‌ಚಾರ್ಜರ್ ಇರುವ ಎಂಜಿನ್ ಕೂಡ ಸಿಗತೊಡಗಿತು. ಶಕ್ತಿ 320 ಹಾರ್ಸ್‌ಪವರ್‌ಗೆ ಏರಿತು. ಈ ಕಾರುಗಳನ್ನು ಎಸ್‌ಜೆ ಎನ್ನುತ್ತಾರೆ. ಒಟ್ಟು ಸುಮಾರು 480 ಕಾರುಗಳಲ್ಲಿ ಕಾರ್ಖಾನೆಯಿಂದಲೇ ಹೀಗೆ ಹೊರಬಂದದ್ದು ಸುಮಾರು 36 ಮಾತ್ರ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಕೂಡ ಒಂದು ಎಸ್‌ಜೆ ತರಿಸಿ, ಲಂಡನ್ನಿನ ಗರ್ನಿ ನಟ್ಟಿಂಗ್ ಅವರಿಂದ ಬಾಡಿ ಕಟ್ಟಿಸಿದ್ದರು.

ತನ್ನ ಈ ಎಂಜಿನ್ನಿನ ಕೀರ್ತಿಯನ್ನು ನೋಡಲು ಫ್ರೆಡ್ ಬದುಕಲಿಲ್ಲ. 1932ರ ಜುಲೈ 2ರಂದು ಪೆನ್ಸಿಲ್ವೇನಿಯಾದ ಘಟ್ಟದ ಒದ್ದೆ ರಸ್ತೆಯಲ್ಲಿ ಅವನು ಓಡಿಸುತ್ತಿದ್ದ ಡ್ಯೂಸೆನ್‌ಬರ್ಗ್ ಕಾರು ಅಪಘಾತಕ್ಕೀಡಾಯಿತು. ಚೇತರಿಸಿಕೊಳ್ಳುವಂತೆ ಕಂಡರೂ ನ್ಯುಮೋನಿಯಾ ಹಿಡಿಯಿತು. ಪೆನ್ಸಿಲಿನ್ ಇನ್ನೂ ಔಷಧಿಯಾಗಿ ಬಂದಿರದ ಕಾಲ ಅದು. ಜುಲೈ 26ರಂದು ಫ್ರೆಡ್ ತೀರಿಕೊಂಡ. ವಯಸ್ಸು 55. ಐದು ವರ್ಷದ ನಂತರ, 1937ರಲ್ಲಿ ಕಂಪನಿಯೂ ಮುಚ್ಚಿತು.

ಅಣ್ಣ ಹೋದ ಮೇಲೂ ತಮ್ಮ ಆಗಸ್ಟ್ ಕೆಲಸ ಮುಂದುವರಿಸಿದ್ದ. 1935ರಲ್ಲಿ ಇನ್ನೂ ಹೆಚ್ಚು ಶಕ್ತಿಯ ಎಂಜಿನ್ ಇಟ್ಟು ಎರಡೇ ಎರಡು ಗಿಡ್ಡ ಚಾಸಿಯ ಕಾರು ಕಟ್ಟಿದರು. ಒಂದು ನಟ ಗ್ಯಾರಿ ಕೂಪರ್‌ಗೆ, ಇನ್ನೊಂದು ಕ್ಲಾರ್ಕ್ ಗೇಬಲ್‌ಗೆ ಹೋಯಿತು. ಕೂಪರ್ ಕಾರು 2018ರ ಹರಾಜಿನಲ್ಲಿ 2.2 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅಂದಿನ ಲೆಕ್ಕದಲ್ಲಿ ಸುಮಾರು 150 ಕೋಟಿ ರೂಪಾಯಿ!

ಹೊರಗಿನ ಪೈಪ್ ನೋಡಿ ಮೋಸ ಹೋಗಬೇಡಿ

ಬಾನೆಟ್ಟಿನ ಪಕ್ಕದಿಂದ ಹೊಳೆಯುವ ಎಕ್ಸಾಸ್ಟ್ ಪೈಪ್‌ಗಳು ಹೊರಬಂದಿದ್ದರೆ ಅದು ಎಸ್‌ಜೆ ಎಂದೇ ಹಲವರ ನಂಬಿಕೆ. ಇದು ತಪ್ಪು. ಸಾದಾ ಜೆ ಕಾರುಗಳಿಗೂ ಆ ಪೈಪ್ ಹಾಕಿಸಿಕೊಂಡವರಿದ್ದರು. ಎಷ್ಟೋ ಕಾರುಗಳಿಗೆ ಸೂಪರ್‌ಚಾರ್ಜರನ್ನೇ ವರ್ಷಗಳ ನಂತರ ಕೂರಿಸಲಾಗಿದೆ. ಹಾಗಾಗಿ ಖರೀದಿದಾರರು ಮೊದಲು ನೋಡುವುದು ಎಂಜಿನ್ ನಂಬರ್ ಮತ್ತು ಹಳೇ ದಾಖಲೆ. ಕಾರ್ಖಾನೆಯಲ್ಲಿ ಹಾಕಿದ ಎಂಜಿನ್ ಅದೇ ಚಾಸಿಯಲ್ಲಿ ಉಳಿದಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು.

ನಮ್ಮ ಶೆಡ್ಡಿನ ಕಾರಿನ ಕಥೆ ಏನು?

ಕಾರವಾರ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬೈಯಲ್ಲಿ ಷೆವ್ರೊಲೆ ಕಾರು ಜೋಡಿಸುತ್ತಿತ್ತು. ಇವು ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಎಂಜಿನ್ನಿನ ಕಾರುಗಳು. ಅದರ ಮೇಲೆ, ಪೆಟ್ರೋಲ್ ಖರ್ಚು ತಾಳಲಾರದೆ ಡೀಸೆಲ್ ಎಂಜಿನ್ ಕೂರಿಸಿಕೊಂಡವರೂ ಬಹಳ. ಆದ್ದರಿಂದ ಹಳತು ಎಂದ ಮಾತ್ರಕ್ಕೆ ಕೋಟಿ ಬರುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಎಂಜಿನ್ ಮತ್ತು ಚಾಸಿ ಮೇಲೆ ಕೊರೆದ ನಂಬರ್‌ಗಳನ್ನು ಹಳೇ ಆರ್‌ಸಿ ಜೊತೆ ತಾಳೆ ನೋಡಿ. ನಂಬರ್ ಇರುವ ಜಾಗವನ್ನು ಉಜ್ಜಬೇಡಿ, ಪೇಂಟ್ ಬಳಿಯಬೇಡಿ. ಬಿಚ್ಚಿಟ್ಟ ಹಳೇ ಎಂಜಿನ್ ಮೂಲೆಯಲ್ಲಿದ್ದರೆ ಗುಜರಿಗೆ ಕೊಡಬೇಡಿ. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಕಾರು ಬೈಕುಗಳಿಗೆ ವಿಂಟೇಜ್ ನೋಂದಣಿಗೂ ಅವಕಾಶವಿದೆ.

ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಎಂಜಿನ್ ಅದರದ್ದೇನಾ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.