ರಾಷ್ಟ್ರಾಧ್ಯಕ್ಷರಾದ ಶಾಲಾಗುರು ಜೂಲಿಯಸ್ ನೈರೇರೆ

ಪೂರ್ವ ಆಫ್ರಿಕಾದ ತಾಂಜಾನಿಯಾ ದೇಶದಲ್ಲಿ ಅಕ್ಟೋಬರ್ 14 ಸಾರ್ವತ್ರಿಕ ರಜಾದಿನ. ಆ ದೇಶದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ಕಂಬರಾಗೆ ನೈರೇರೆಯವರು 1999ರಲ್ಲಿ ನಿಧನ ಹೊಂದಿದ ದಿನವದು. ಅಧಿಕಾರದಲ್ಲಿದ್ದಾಗಲೂ ಅದನ್ನು ತ್ಯಜಿಸಿದ ಮೇಲೂ ಅಲ್ಲಿಯ ಜನರು ಅವರನ್ನು ಕರೆದದ್ದು ಮ್ವಾಲಿಮು ಎಂದು. ಸ್ವಾಹಿಲಿ ಭಾಷೆಯ ಈ ಪದಕ್ಕೆ ಗುರು ಎಂದರ್ಥ. ಅಭಿವೃದ್ಧಿ ಎಂದರೇನು, ಅದು ಯಾರಿಗಾಗಿ, ಅದನ್ನು ಸಾಧಿಸಬೇಕಾದವರು ಯಾರು ಎಂಬ ಪ್ರಶ್ನೆಗಳನ್ನು ಬಾಳಿನುದ್ದಕ್ಕೂ ಕೇಳುತ್ತಲೇ ಬಂದ ಈ ಕಥೋಲಿಕ ಚಿಂತಕರ ಜೀವನವನ್ನು, ಅದರ ಬೆಳಕು ನೆರಳುಗಳೆರಡರೊಡನೆ, ನಾವು ಇಂದು ಅವಲೋಕಿಸೋಣ.

ವಿಕ್ಟೋರಿಯಾ ಸರೋವರದ ಪೂರ್ವ ದಂಡೆಗೆ ಸಮೀಪದ ಬುತಿಯಾಮಾ ಎಂಬ ಹಳ್ಳಿಯಲ್ಲಿ 1922ರ ಏಪ್ರಿಲ್ 13ರಂದು ಅವರು ಜನಿಸಿದರು. ತಂದೆ ಜನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖಂಡರು. ತಂದೆಯ ಇಪ್ಪತ್ತೆರಡು ಮಂದಿ ಪತ್ನಿಯರಲ್ಲಿ ಐದನೆಯವರೇ ಇವರ ತಾಯಿ. ಹುಟ್ಟಿದ ದಿನ ಮಳೆ ಸುರಿದುದರಿಂದ ಮಳೆಯ ದೈವವಾದ ಕಂಬರಾಗೆಯ ಹೆಸರನ್ನೇ ಶಿಶುವಿಗೆ ಇರಿಸಲಾಯಿತು. ಬಾಲಕನಿಗೆ ಶಾಲೆಯ ಬಾಗಿಲು ತೆರೆದದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಮುಸೋಮಾ ಪಟ್ಟಣದಲ್ಲಿ. ಅಲ್ಲಿಂದ ತಬೋರಾದ ಸರಕಾರಿ ಶಾಲೆಗೆ, ಆ ಬಳಿಕ ಯುಗಾಂಡದ ಮೆಕೆರೆರೆ ಕಾಲೇಜಿಗೆ ಅವರು ಹೋದರು. 1943ರ ಡಿಸೆಂಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ದೀಕ್ಷಾಸ್ನಾನ ಪಡೆದು ಜೂಲಿಯಸ್ ಎಂಬ ಹೆಸರನ್ನು ಸ್ವೀಕರಿಸಿದರು. ಶಿಕ್ಷಕ ತರಬೇತಿ ಮುಗಿಸಿ ತಬೋರಾದ ಸಂತ ಮರಿಯಮ್ಮನವರ ಶಾಲೆಯಲ್ಲಿ ಅಧ್ಯಾಪಕರಾದರು. ಅಲ್ಲಿಯ ಮಿಶನರಿ ಗುರುಗಳಾದ ಫಾದರ್ ರಿಚರ್ಡ್ ವಾಲ್ಶ್‌ರ ನೆರವಿನಿಂದ 1949ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದರು. ಅರ್ಥಶಾಸ್ತ್ರ, ಇತಿಹಾಸ, ನೀತಿತತ್ವಶಾಸ್ತ್ರಗಳನ್ನು ಅಭ್ಯಸಿಸಿ 1952ರಲ್ಲಿ ಪದವೀಧರರಾದರು.

ತಾಯ್ನಾಡು ಆಗ ತಾಂಗನೀಕಾ ಎಂಬ ಹೆಸರಿನಲ್ಲಿ, ವಿಶ್ವಸಂಸ್ಥೆಯ ಮೇಲ್ವಿಚಾರಣೆಗೊಳಪಟ್ಟು, ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಊರಿಗೆ ಮರಳಿದ ನೈರೇರೆಯವರು ರಾಜಧಾನಿ ದಾರ್ ಎಸ್ ಸಲಾಮ್ ಸಮೀಪದ ಪುಗು ಎಂಬಲ್ಲಿಯ ಸಂತ ಫ್ರಾನ್ಸಿಸರ ಕಾಲೇಜಿನಲ್ಲಿ ಕಲಿಸುತ್ತಲೇ 1954ರ ಜುಲೈ 7ರಂದು ತಾನು ಎಂಬ ರಾಜಕೀಯ ಪಕ್ಷವನ್ನು ಕಟ್ಟಿದರು. ಅಧ್ಯಾಪನವೋ ರಾಜಕಾರಣವೋ ಎಂಬ ಆಯ್ಕೆ ಎದುರಾದಾಗ, 1955ರಲ್ಲಿ, ಪ್ರೀತಿಯ ವೃತ್ತಿಯನ್ನು ತೊರೆದರು. 1961ರ ಡಿಸೆಂಬರ್ 9ರಂದು ದೇಶವು ರಕ್ತಪಾತವಿಲ್ಲದೆ ಸ್ವತಂತ್ರವಾಯಿತು. ಅದಕ್ಕೆ ಕೆಲವೇ ವಾರಗಳ ಮೊದಲು ಶಾಸನಸಭೆಯಲ್ಲಿ ಪೌರತ್ವವನ್ನು ಕರಿಯರಿಗೆ ಮಾತ್ರ ಮೀಸಲಿಡಬೇಕೆಂಬ ಕೂಗು ಎದ್ದಿತ್ತು. ಮೈಬಣ್ಣವನ್ನು ಮಾನದಂಡವಾಗಿಸುವುದಾದರೆ ತಮ್ಮ ಸರಕಾರವೇ ರಾಜೀನಾಮೆ ನೀಡುವುದೆಂದು ಅವರು ಸ್ಪಷ್ಟಪಡಿಸಿದರು. ಭಾರತೀಯ ಮೂಲದ ಅಮೀರ್ ಜಮಾಲ್ ಮುಂದೆ ಆ ದೇಶದ ಹಣಕಾಸು ಸಚಿವರಾದರೆಂಬುದನ್ನು ಇಲ್ಲಿ ಸ್ಮರಿಸಬಹುದು. 1962ರ ಡಿಸೆಂಬರಿನಲ್ಲಿ ನೈರೇರೆಯವರು ರಾಷ್ಟ್ರಾಧ್ಯಕ್ಷರಾದರು. 1964ರ ಏಪ್ರಿಲಿನಲ್ಲಿ ಜಾಂಜಿಬಾರ್ ದ್ವೀಪವು ಸೇರಿ ತಾಂಜಾನಿಯಾ ರೂಪುಗೊಂಡಿತು.

ಅವರ ಚಿಂತನೆಯ ಕೇಂದ್ರಪದ ಉಜಮಾ. ಕುಟುಂಬಭಾವವೆಂದು ಅದನ್ನು ಅನುವಾದಿಸಬಹುದು. 1962ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅವರು ಇದರ ತಿರುಳನ್ನು ವಿವರಿಸಿದರು. ಸಾಂಪ್ರದಾಯಿಕ ಆಫ್ರಿಕದ ಕೂಡುಕುಟುಂಬದಲ್ಲಿ ಭೂಮಿ ಮಾರಾಟದ ಸರಕಾಗಿರಲಿಲ್ಲ. ದುಡಿಯಲು ಶಕ್ತರಾದವರೆಲ್ಲರೂ ದುಡಿಯುತ್ತಿದ್ದರು, ಅಶಕ್ತರಿಗೆ ಆಸರೆ ಇರುತ್ತಿತ್ತು. ಅತಿಥಿಗೆ ಎರಡು ದಿನ ಉಪಚಾರ, ಮೂರನೆಯ ದಿನ ಕೈಗೆ ಗುದ್ದಲಿ ಎಂಬುದು ಆ ನಾಡಿನ ನಾಣ್ಣುಡಿಯ ಭಾವ. ಸಮಾಜವಾದಕ್ಕೆ ವರ್ಗ ಸಂಘರ್ಷವೇ ತಳಹದಿಯಾಗಬೇಕೆಂಬ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಸಂಪತ್ತನ್ನು ಪರರ ಮೇಲೆ ಸವಾರಿ ಮಾಡಲು ಬಳಸುವ ಮನೋಭಾವವೇ ರೋಗದ ಮೂಲವೆಂದು ಅವರು ಬಗೆದರು.

1966ರಲ್ಲಿ ಕಡ್ಡಾಯ ರಾಷ್ಟ್ರಸೇವೆಯನ್ನು ವಿರೋಧಿಸಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೆರವಣಿಗೆ ಬಂದರು. ನೈರೇರೆಯವರು ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳುಹಿಸಿದರು. ಅದೇ ಗಳಿಗೆಯಲ್ಲಿ ವಿದ್ಯಾವಂತರ ಸವಲತ್ತುಗಳ ಕುರಿತು ಯೋಚಿಸಿ ತಮ್ಮ ವೇತನವನ್ನೂ ಶೇಕಡಾ 20ರಷ್ಟು ಕಡಿತಗೊಳಿಸಿಕೊಂಡರು. ಮರುವರ್ಷ, 1967ರ ಫೆಬ್ರವರಿ 5ರಂದು, ಪ್ರಸಿದ್ಧವಾದ ಅರುಶಾ ಘೋಷಣೆ ಹೊರಬಿತ್ತು. ಪಕ್ಷದ ಹಾಗೂ ಸರಕಾರದ ನಾಯಕರು ಕಂಪೆನಿಗಳ ಶೇರು ಹೊಂದುವಂತಿಲ್ಲ, ಮನೆಗಳನ್ನು ಬಾಡಿಗೆಗೆ ಕೊಡುವಂತಿಲ್ಲ, ಎರಡು ಸಂಬಳ ಪಡೆಯುವಂತಿಲ್ಲ ಎಂದು ಅದು ವಿಧಿಸಿತು. ಅಭಿವೃದ್ಧಿಗೆ ಹಣವೇ ಅಡಿಪಾಯವೆಂಬ ನಂಬಿಕೆಯನ್ನು ಅದು ತಳ್ಳಿಹಾಕಿತು. ವಿದೇಶಿ ಸಾಲ ಬಹುಮಟ್ಟಿಗೆ ನಗರಗಳಲ್ಲಿ ವೆಚ್ಚವಾಗುತ್ತದೆ, ಅದನ್ನು ತೀರಿಸಲು ರಫ್ತಾಗುವುದು ಮಾತ್ರ ಹಳ್ಳಿಯ ರೈತನ ಬೆಳೆ. ಎಚ್ಚರ ತಪ್ಪಿದರೆ ನಗರವೇ ಹಳ್ಳಿಯನ್ನು ಶೋಷಿಸುವುದು ಎಂಬ ಸೂಕ್ಷ್ಮ ತರ್ಕವೂ ಅದರಲ್ಲಿದೆ. ಏಳು ವಾರಗಳ ಬಳಿಕ, ಮಾರ್ಚ್ 26ರಂದು, ಜಗದ್ಗುರು ಆರನೆಯ ಪಾವ್ಲರು ಜನಾಂಗಗಳ ಪ್ರಗತಿಯ ಕುರಿತಾದ ತಮ್ಮ ವಿಶ್ವಪತ್ರವನ್ನು ಹೊರಡಿಸಿದರು. ಪ್ರತಿಯೊಬ್ಬ ಮಾನವನ, ಸಮಗ್ರ ಮಾನವನ ಏಳಿಗೆಯೇ ನಿಜವಾದ ಅಭಿವೃದ್ಧಿ ಎಂಬುದು ಅದರ ಸಾರ. ರೋಮಿನಲ್ಲೂ ಅರುಶಾದಲ್ಲೂ ಬಡಜನರ ಘನತೆಯೇ ಪ್ರಧಾನವಾಗಿತ್ತು.

ಆದರೆ ವಿಚಾರದ ಔನ್ನತ್ಯವು ಆಚರಣೆಯ ದೋಷವನ್ನು ಮುಚ್ಚಬಾರದು. ದೇಶದ ದಕ್ಷಿಣದ ರುವುಮಾ ಪ್ರದೇಶದಲ್ಲಿ ಕೆಲವು ಹಳ್ಳಿಗಳ ರೈತರು ಸ್ವಇಚ್ಛೆಯಿಂದ ಒಗ್ಗೂಡಿ, ಒಟ್ಟಾಗಿ ಉಳುತ್ತ, ತಮ್ಮ ಶಾಲೆಯನ್ನು ತಾವೇ ನಡೆಸುತ್ತ ಉಜಮಾ ಆದರ್ಶವನ್ನು ಬದುಕಿ ತೋರಿಸಿದ್ದರು. ನೈರೇರೆಯವರೂ ಅದನ್ನು ಮೆಚ್ಚಿದ್ದರು. ತಮ್ಮ ಹಿಡಿತಕ್ಕೆ ಸಿಗದ ಈ ಸಂಘವನ್ನು ಪಕ್ಷದ ನಾಯಕರು ಸಹಿಸಲಿಲ್ಲ. 1969ರ ಸೆಪ್ಟೆಂಬರಿನಲ್ಲಿ ಪಕ್ಷದ ಕೇಂದ್ರ ಸಮಿತಿಯು ಅದನ್ನು ರದ್ದುಗೊಳಿಸಿತು. ಚದುರಿದ ಮನೆಗಳನ್ನು ಬಿಟ್ಟು ಎಲ್ಲರೂ ಹಳ್ಳಿಗಳಲ್ಲಿ ನೆಲಸಬೇಕೆಂದು 1973ರಲ್ಲಿ ಆಜ್ಞೆಯಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಹಿಂದಿರುಗದಂತೆ ಹಳೆಯ ಗುಡಿಸಲುಗಳನ್ನು ಸುಟ್ಟ ಪ್ರಸಂಗಗಳೂ ಉಂಟು. ಹೊಲ ಒಂದೆಡೆ, ಮನೆ ಇನ್ನೊಂದೆಡೆಯಾಯಿತು. ಬರಗಾಲವೂ ಸೇರಿ ದೇಶವು ಧಾನ್ಯವನ್ನು ಆಮದು ಮಾಡಬೇಕಾಯಿತು. 1972ರಲ್ಲಿ ಸ್ಥಳೀಯ ಆಡಳಿತ ಸಂಸ್ಥೆಗಳು, 1976ರಲ್ಲಿ ರೈತರ ಸಹಕಾರಿ ಒಕ್ಕೂಟಗಳು ರದ್ದಾದವು. ದೇಶದಲ್ಲಿ ಏಕಪಕ್ಷ ಪದ್ಧತಿಯಿತ್ತು. ಟೀಕಿಸಿದ ಕೆಲವರು ವಿಚಾರಣೆಯಿಲ್ಲದೆ ಸೆರೆವಾಸ ಅನುಭವಿಸಿದರು.

ತತ್ವಶಾಸ್ತ್ರದ ದೃಷ್ಟಿಯಿಂದ ಇಲ್ಲಿಯ ದೋಷವನ್ನು ಗುರುತಿಸುವುದು ಕಷ್ಟವಲ್ಲ. ಗುರಿ ಒಳ್ಳೆಯದಾದ ಮಾತ್ರಕ್ಕೆ ಮಾರ್ಗ ಒಳ್ಳೆಯದಾಗದು. ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳುವುದು ಅನ್ಯಾಯವೆಂದು ಜಗದ್ಗುರು ಹನ್ನೊಂದನೆಯ ಪಿಯುಸರು 1931ರಲ್ಲಿಯೇ ಬೋಧಿಸಿದ್ದರು. ಜನರು ಅಭಿವೃದ್ಧಿಗೆ ಒಳಪಡುವ ವಸ್ತುಗಳಲ್ಲ, ಅದರ ಕರ್ತೃಗಳೆಂದು ನೈರೇರೆಯವರು ತಾವೇ ಬರೆದಿದ್ದರು. ಆತುರಗೊಂಡ ಆಡಳಿತವು ಆ ಬರಹವನ್ನೇ ಮರೆಯಿತು. ರುವುಮಾದ ರೈತರು ಸ್ವಇಚ್ಛೆಯಿಂದ ಮಾಡಿದುದು ಫಲಿಸಿತು. ಬಲಾತ್ಕಾರದಿಂದ ಮಾಡಿಸಿದುದು ಬಾಡಿತು.

ಇನ್ನೊಂದು ಮಗ್ಗುಲನ್ನು ನೋಡದಿದ್ದರೆ ನಮ್ಮ ತೀರ್ಮಾನ ಅಪೂರ್ಣ. ನೂರಕ್ಕೂ ಹೆಚ್ಚು ಬುಡಕಟ್ಟುಗಳ ಆ ನಾಡು ಸ್ವಾಹಿಲಿ ಭಾಷೆಯ ಆಸರೆಯಲ್ಲಿ ಒಂದು ರಾಷ್ಟ್ರವಾಗಿ ಬೆಸೆದುಕೊಂಡಿತು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ಅಧ್ಯಕ್ಷರೇ ಆ ಭಾಷೆಗೆ ತಂದರು. ಧರ್ಮಸಭೆಯ ಶಾಲೆಗಳನ್ನು ಸರಕಾರವು ವಹಿಸಿಕೊಂಡಾಗ ನೋವಾದುದು ನಿಜ. ಆದರೆ ಎಲ್ಲ ಮತಗಳ ಬಡಮಕ್ಕಳಿಗೂ ಸಮಾನ ಪ್ರವೇಶ ಸಿಗಲೆಂಬುದು ಅದರ ಉದ್ದೇಶವಾಗಿತ್ತು. ವಯಸ್ಕರಲ್ಲಿ ಬಹುಪಾಲು ನಿರಕ್ಷರಿಗಳಾಗಿದ್ದ ದೇಶದಲ್ಲಿ, ಸರಕಾರದ ಲೆಕ್ಕದಂತೆ, 1980ರ ದಶಕದ ಮಧ್ಯಕ್ಕೆ ಸಾಕ್ಷರತೆ ಶೇಕಡಾ 90ರ ಸಮೀಪಕ್ಕೆ ಬಂದಿತ್ತು.

ಸ್ಥಳೀಯ ಆಡಳಿತವನ್ನೂ ಸಹಕಾರಿ ಸಂಘಗಳನ್ನೂ ಕಿತ್ತುಹಾಕಿದುದು ತಪ್ಪಾಯಿತೆಂದು ನೈರೇರೆಯವರು ಅಧಿಕಾರದಲ್ಲಿದ್ದಾಗಲೇ, 1984ರಲ್ಲಿ, ಬಹಿರಂಗವಾಗಿ ಒಪ್ಪಿಕೊಂಡರು. ಮರುವರ್ಷ ಯಾರ ಒತ್ತಾಯವೂ ಇಲ್ಲದೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟರು. ಆ ಕಾಲದ ಆಫ್ರಿಕದಲ್ಲಿ ಇದು ವಿರಳ ಸಂಗತಿ. ಬುತಿಯಾಮಾಕ್ಕೆ ಮರಳಿ ಬೇಸಾಯದಲ್ಲಿ ತೊಡಗಿದರೂ ಲೋಕಚಿಂತನೆಯನ್ನು ಬಿಡಲಿಲ್ಲ. 1987ರಿಂದ 1990ರವರೆಗೆ ಬಡರಾಷ್ಟ್ರಗಳ ದಕ್ಷಿಣ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. ಮುಂದೆ ನಮ್ಮ ಪ್ರಧಾನಿಯಾದ ಮನಮೋಹನ್ ಸಿಂಗ್‌ರು ಅದರ ಮಹಾಕಾರ್ಯದರ್ಶಿ. 1995ರಲ್ಲಿ ಭಾರತ ಸರಕಾರವು ಸ್ಥಾಪಿಸಿದ ಗಾಂಧಿ ಶಾಂತಿ ಪ್ರಶಸ್ತಿಯ ಪ್ರಥಮ ಗೌರವ ನೈರೇರೆಯವರಿಗೆ ಸಂದಿತು.

ನಿತ್ಯ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದ ಅವರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆಯನ್ನು ಮುಸೋಮಾ ಧರ್ಮಪ್ರಾಂತ್ಯವು 2005ರಲ್ಲಿ ಆರಂಭಿಸಿತು. ತೀರ್ಪು ಧರ್ಮಸಭೆಗೆ ಬಿಟ್ಟದ್ದು. ಗುಡಿಸಲು ಕಳೆದುಕೊಂಡ ರೈತನ ಸಾಕ್ಷ್ಯವೂ, ಅಕ್ಷರ ಕಲಿತ ಅಜ್ಜಿಯ ಸಾಕ್ಷ್ಯವೂ ಅಲ್ಲಿ ತೂಗಬೇಕಾಗುವುದು. ನಾವಾದರೋ ಅವರಿಂದ ಒಂದು ಪಾಠವನ್ನು ಕಲಿಯಬಹುದು. ಬಡವರ ಹೆಸರಿನಲ್ಲಿ ಯೋಜನೆಯೊಂದನ್ನು ರೂಪಿಸುವಾಗ, ಅದು ಸರಕಾರದ್ದಿರಲಿ ನಮ್ಮ ಧರ್ಮಕೇಂದ್ರದ್ದಿರಲಿ, ಆ ಬಡವರು ಸಭೆಯಲ್ಲಿ ಕುಳಿತಿದ್ದಾರೆಯೇ, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆಯೇ ಎಂದು ಮೊದಲು ವಿಚಾರಿಸೋಣ.