ಮೀರತ್ತಿನ ಮೇಷ್ಟ್ರು ಮೌಲವಿ ಇಸ್ಮಾಯಿಲ್

ಉರ್ದು ಮನೆಮಾತಾಗಿರುವ ನಮ್ಮ ಗೆಳೆಯ ಗೆಳತಿಯರಲ್ಲಿ ಹಲವರು ಚಿಕ್ಕವರಿದ್ದಾಗ ಹಸುವಿನ ಮೇಲಿನ ಒಂದು ಪದ್ಯವನ್ನು ಬಾಯಿಪಾಠ ಮಾಡಿರುತ್ತಾರೆ. ಶಾಲೆಯಲ್ಲಿ ಕಲಿಯದಿದ್ದರೂ ಮನೆಯಲ್ಲಿ ದಾದಿಯೋ ನಾನಿಯೋ ಹೇಳಿಕೊಟ್ಟಿರುತ್ತಾರೆ. ಬರೆದವರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅವರು ಮೌಲವಿ ಮುಹಮ್ಮದ್ ಇಸ್ಮಾಯಿಲ್. ಈಗಿನ ಉತ್ತರ ಪ್ರದೇಶದ ಮೀರತ್ ನಗರದವರಾದ್ದರಿಂದ ಉರ್ದುವಿನಲ್ಲಿ ಇಸ್ಮಾಯಿಲ್ ಮೇರಠಿ ಎಂದೇ ಪ್ರಸಿದ್ಧರು. ಕವಿ ಎಂದು ಹೆಸರಾದರೂ ಸಂಸಾರ ನಡೆಸಲು ಅವರು ಮಾಡಿದ್ದು ಗುಮಾಸ್ತಿಕೆ ಮತ್ತು ಮೇಷ್ಟ್ರ ಕೆಲಸ. ನಿವೃತ್ತರಾದ ಹತ್ತು ವರ್ಷಗಳ ಮೇಲೆ ತಮ್ಮ ಊರಿನ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ನಮ್ಮ ಕಾಲೇಜಿನಲ್ಲಿ ಅವರನ್ನು ನೆನೆಯಲು ಪದ್ಯಕ್ಕಿಂತ ಆ ಶಾಲೆಯೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಅವರು ಹುಟ್ಟಿದ್ದು 1844ರ ನವೆಂಬರ್ 12ರಂದು. ಮೊದಲ ಪಾಠ ತಂದೆ ಶೇಖ್ ಪೀರ್ ಬಖ್ಶ್ ಅವರಿಂದ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ 1857 ಬಂತು. ಇತಿಹಾಸ ಪಾಠದಲ್ಲಿ ನಾವು ಓದಿರುವ ಮೀರತ್ ಇದೇ. ಹೊಸ ತೋಟಾಗಳನ್ನು ಮುಟ್ಟಲು ಒಪ್ಪದ 85 ಸಿಪಾಯಿಗಳಿಗೆ ಮೇ 9ರಂದು ಎಲ್ಲರೆದುರು ಬೇಡಿ ಹಾಕಿ ಜೈಲಿಗೆ ಕಳಿಸಿದರು. ಮರುದಿನ ಸಂಜೆ ಅವರ ಜೊತೆಗಾರರು ಬಂಡೆದ್ದು, ಜೈಲು ಒಡೆದು, ರಾತ್ರೋರಾತ್ರಿ ದೆಹಲಿಯ ದಾರಿ ಹಿಡಿದರು. ಅದು ರಮಜಾನ್ ತಿಂಗಳು. ಬಾಲಕ ಇಸ್ಮಾಯಿಲ್ ಆ ಸಂಜೆ ನೆರೆಮನೆಯ ಇಫ್ತಾರ್‌ಗೆ ಹೋಗಿದ್ದಾಗ ಹೊರಗೆ ಗದ್ದಲ ಎದ್ದಿತೆಂದು ಅವರ ಜೀವನಕಥೆ ಹೇಳುತ್ತದೆ. ಇಫ್ತಾರ್ ಎಂದರೆ ನಮಗೆ ಖರ್ಜೂರ, ಸಮೋಸ, ಗೆಳತಿಯರ ಗುಂಪು. ಆ ಹುಡುಗನಿಗೆ ಅದೇ ಹೊತ್ತಿನಲ್ಲಿ ಊರು ಹೊತ್ತಿ ಉರಿಯುವುದು ಕಂಡಿತು.

ಬಂಡಾಯ ಅಡಗಿದ ಮೇಲೆ ಆ ಭಾಗದ ಮುಸ್ಲಿಂ ಮನೆಗಳಿಗೆ ಕಷ್ಟಕಾಲ. ಹಳೆಯ ಓದಿಗೆ ಬೆಲೆ ಹೋಗಿತ್ತು, ಹೊಸ ಓದಿನ ಮೇಲೆ ನಂಬಿಕೆ ಇರಲಿಲ್ಲ. ಇಸ್ಮಾಯಿಲರು ಎರಡನ್ನೂ ಹಿಡಿದರು. ಫಾರ್ಸಿಯನ್ನು ಮಿರ್ಜಾ ರಹೀಂ ಬೇಗ್ ಅವರ ಬಳಿ ಕಲಿತರು. ಈ ಗುರುಗಳು ಫಾರ್ಸಿ ನಿಘಂಟಿನ ವಿಷಯಕ್ಕೆ ಸಾಕ್ಷಾತ್ ಗಾಲಿಬ್ ಜೊತೆಗೇ ಜಗಳಕ್ಕೆ ಇಳಿದು ಪುಸ್ತಕ ಬರೆದವರು, ಅಂಥ ಪಂಡಿತರು! ಇತ್ತ ಸರ್ಕಾರಿ ಶಾಲೆಯಲ್ಲಿ ಇಸ್ಮಾಯಿಲರಿಗೆ ರೇಖಾಗಣಿತ ಬಹಳ ಇಷ್ಟವಾಯಿತು. ಮುಂದೆ ಓದು ಹೆಚ್ಚು ದಿನ ಸಾಗಲಿಲ್ಲ. ಹದಿನಾರನೇ ವಯಸ್ಸಿಗೇ ಮೀರತ್ತಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದರು. ನನಗಿಂತ ಒಂದು ವರ್ಷ ಚಿಕ್ಕ ವಯಸ್ಸು.

ಅಲ್ಲಿಂದ ಮುಂದಿನ ನೌಕರಿಯ ಕಥೆ ನಮ್ಮ ಅಬ್ಬಾಗಳ ಸರ್ವಿಸ್ ಕಥೆಯ ಹಾಗೇ ಇದೆ. 1867ರಿಂದ 1870ರವರೆಗೆ ಸಹಾರನ್‌ಪುರದ ಶಾಲೆಯಲ್ಲಿ ಫಾರ್ಸಿ ಮೇಷ್ಟ್ರು. ಮತ್ತೆ ಮೀರತ್ತಿನ ಅದೇ ಕಚೇರಿ. 1888ರಲ್ಲಿ ಆಗ್ರಾದ ಸೆಂಟ್ರಲ್ ನಾರ್ಮಲ್ ಸ್ಕೂಲಿಗೆ ಫಾರ್ಸಿ ಅಧ್ಯಾಪಕ. 1899ರಲ್ಲಿ ನಿವೃತ್ತಿ. ದೊಡ್ಡ ಹುದ್ದೆ ಇಲ್ಲ, ಕಾಲೇಜು ಪದವಿಯೂ ಇಲ್ಲ.

ಆದರೆ ಆಗ್ರಾದ ಆ ಶಾಲೆಯ ಬಗ್ಗೆ ಸ್ವಲ್ಪ ಹೇಳಬೇಕು. ನಾರ್ಮಲ್ ಸ್ಕೂಲ್ ಎಂದರೆ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆ. ಇಲ್ಲಿ ಕಲಿತವರು ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಇಸ್ಮಾಯಿಲರ ವಿಷಯ ಫಾರ್ಸಿ. ಅದು ಹೋಗುತ್ತಿದ್ದ ಭಾಷೆ, 1837ರಲ್ಲೇ ಕಂಪನಿ ಸರ್ಕಾರ ಅದನ್ನು ಕಚೇರಿಯಿಂದ ತೆಗೆದಿತ್ತು. ಉರ್ದು ಬರೆಯುವ ಪಂಡಿತರು ಮಾತ್ರ ಇನ್ನೂ ಫಾರ್ಸಿ, ಅರಬ್ಬಿ ಪದಗಳನ್ನು ಪೋಣಿಸಿ ಭಾರವಾಗಿ ಬರೆಯುತ್ತಿದ್ದರು. ಜೀವನವೆಲ್ಲ ಫಾರ್ಸಿ ಕಲಿಸಿದ ಈ ಮನುಷ್ಯ ಬರೆದ ಉರ್ದು ಓದುಪುಸ್ತಕಗಳಲ್ಲಿ ಆ ಭಾರವೇ ಇಲ್ಲ. ಮೊದಲು ಅಕ್ಷರ, ಆಮೇಲೆ ಎರಡು ಅಕ್ಷರ ಕೂಡಿದ ಪದ, ಆಮೇಲೆ ಪುಟ್ಟ ವಾಕ್ಯ, ಆಮೇಲೆ ಕಥೆ, ಪದ್ಯ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದನೆಯ ಪುಸ್ತಕದಿಂದ ಐದನೆಯದರವರೆಗೆ. ಉರ್ದು ಲಿಪಿ ಗೊತ್ತಿಲ್ಲದವರಿಗೆ ಒಂದು ಮಾತು: ಅದರಲ್ಲಿ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಗೆ ಇನ್ನೊಂದು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಾತನಾಡುವ ಭಾಷೆಯನ್ನು ಓದಲು ಹತ್ತನೇ ತರಗತಿ ಮುಗಿದ ರಜೆಯಲ್ಲಿ ಅಮ್ಮಿಯಿಂದ ಕಲಿತೆ. ಎರಡೆರಡೇ ಅಕ್ಷರ ಕೂಡಿಸುತ್ತಾ ಹೋಗುವುದು ಎಷ್ಟು ಅನುಕೂಲ ಎಂದು ಆಗ ತಿಳಿಯಿತು.

ಪಾಠಗಳ ವಿಷಯವೂ ಮಗುವಿನ ಕಣ್ಣಿಗೆ ಬೀಳುವಂಥದ್ದೇ. ಹಸು, ಬೆಕ್ಕು, ಮಳೆ, ಆಮೆ ಮತ್ತು ಮೊಲ. ಮೀರತ್ ಜಿಲ್ಲೆಯಲ್ಲಿ ಗಂಗಾ ಕಾಲುವೆ ಹರಿಯುತ್ತದೆ. 1854ರಲ್ಲಿ, ಅಂದರೆ ಅವರ ಬಾಲ್ಯದಲ್ಲೇ ಅದಕ್ಕೆ ನೀರು ಬಿಟ್ಟಿದ್ದು. ನೀರಿನ ರಭಸಕ್ಕೆ ತಿರುಗುವ ಹಿಟ್ಟಿನ ಗಿರಣಿಯ ಮೇಲೂ ಅವರ ಪದ್ಯವಿದೆ. ಹಗಲು ರಾತ್ರಿ ದಣಿಯದೆ ಬೀಸುವ ಆ ಗಿರಣಿಯನ್ನು ತೋರಿಸಿ ಮಕ್ಕಳಿಗೆ ಕೆಲಸದ ಪಾಠ ಹೇಳುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಗಿಲೀಟಿನ ಉಂಗುರದ ಪದ್ಯ. ಬೆಳ್ಳಿ ಉಂಗುರಕ್ಕೆ ಚಿನ್ನದ ನೀರು ಹಾಕಿಸಿದ ಕೂಡಲೇ ಅದಕ್ಕೆ ಜಂಬ ಬಂದು, ಬರೀ ಬೆಳ್ಳಿಯ ಉಂಗುರದ ಜೊತೆ ಇರಲಾರೆ ಎನ್ನುತ್ತದೆ. ಆ ಬೆಳ್ಳಿ ಉಂಗುರ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ವಿಂಡೋ ಡ್ರೆಸ್ಸಿಂಗ್ ಎನ್ನುವುದು ಇದನ್ನೇ ಅಲ್ಲವೇ!

ಇಷ್ಟರಿಂದಲೇ ಅವರಿಗೆ ಒಂದು ನಷ್ಟವೂ ಆಯಿತು. ಮಕ್ಕಳ ಕವಿ ಎಂದು ಹಣೆಪಟ್ಟಿ ಅಂಟಿಸಿ ವಿಮರ್ಶಕರು ಬಹಳ ಕಾಲ ಅವರನ್ನು ಪಕ್ಕಕ್ಕಿಟ್ಟರು. ಆದರೆ ಉರ್ದುವಿನಲ್ಲಿ ಪ್ರಾಸವಿಲ್ಲದ ಪದ್ಯವನ್ನು ಬರೆದ ಮೊದಲಿಗರಲ್ಲಿ ಅವರು ಒಬ್ಬರು. ನಕ್ಷತ್ರ ತುಂಬಿದ ರಾತ್ರಿಯ ಮೇಲೆ, ಹಕ್ಕಿಮರಿಗಳ ಮೇಲೆ ಅವರು ಹಾಗೆ ಬರೆದರು. ಕನ್ನಡದಲ್ಲಿ ಗೋವಿಂದ ಪೈಗಳು ಪ್ರಾಸ ಬಿಟ್ಟದ್ದನ್ನು ನಾವು ದೊಡ್ಡ ಸಂಗತಿಯಾಗಿ ಓದುತ್ತೇವೆ. ಹಾಗೆಯೇ, ಮೇಷ್ಟ್ರಾಗಿದ್ದು ಮಕ್ಕಳಿಗಾಗಿ ಪದ್ಯ ಬರೆದ ಪಂಜೆ ಮಂಗೇಶರಾಯರು ನಮಗಿದ್ದಾರೆ. ಇಬ್ಬರೂ ಮಾಡಿದ ಕೆಲಸವನ್ನು ಉರ್ದುವಿನಲ್ಲಿ ಈ ಒಬ್ಬರೇ ಮಾಡಿದರು ಎಂದರೆ ತಪ್ಪಾಗಲಾರದು. ಆಗ್ರಾದಲ್ಲಿದ್ದಾಗ ಅಲ್ಲಿನ ಕೋಟೆಯನ್ನು ನೋಡಿ ಹಿಂದಿನವರನ್ನು ನೆನೆದು ಬರೆದ ದೀರ್ಘ ಕವನವೂ ಇದೆ. ಅದು ಮಕ್ಕಳಿಗೆ ಬರೆದದ್ದಲ್ಲ.

ನಿವೃತ್ತಿಯ ಹೊತ್ತಿಗೆ ಅವರಿಗೆ 55 ವರ್ಷ. ಮೀರತ್ತಿಗೆ ಮರಳಿದರು. ಪಿಂಚಣಿ ಇತ್ತು, ಹೆಸರಿತ್ತು, ಸೂಫಿ ಗುರು ಗೌಸ್ ಅಲಿ ಶಾಹರ ಶಿಷ್ಯರಾಗಿದ್ದರಿಂದ ಧ್ಯಾನ, ಓದಿನಲ್ಲೇ ದಿನ ಕಳೆಯಬಹುದಿತ್ತು. ಸರ್ಕಾರ ಖಾನ್ ಸಾಹೇಬ್ ಎಂಬ ಬಿರುದನ್ನೂ ಕೊಟ್ಟಿತು. 1857ರ ಬೀದಿಯನ್ನು ಕಂಡ ಹುಡುಗ ಬ್ರಿಟಿಷರ ನೌಕರಿ ಮಾಡಿ ಬಿರುದು ಪಡೆದದ್ದು ಸರಿಯೇ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ: ಆ ನೌಕರಿಯಿಂದಲೇ ಅವರಿಗೆ ಶಾಲೆ ನಡೆಸುವುದು ಹೇಗೆಂದು ಗೊತ್ತಾಯಿತು. 1909ರಲ್ಲಿ ಅವರು ಹೆಣ್ಣುಮಕ್ಕಳ ಮದ್ರಸಾ ಶುರುಮಾಡಿದಾಗ ಆ ಅನುಭವ ಊರಿನ ಉಪಯೋಗಕ್ಕೆ ಬಂತು.

1909 ಎಂದರೆ ಯಾವ ಕಾಲ ಎಂದು ನೋಡಿ. ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಬೇಗಂ ಹುಡುಗಿಯರ ಶಾಲೆ ತೆರೆದು ಆಗಿನ್ನೂ ಮೂರು ವರ್ಷ. ಅಲ್ಲಿ ಮಕ್ಕಳನ್ನು ಪರದೆ ಹಾಕಿದ ಡೋಲಿಗಳಲ್ಲಿ ಹೊತ್ತು ತರುತ್ತಿದ್ದರು. ಕಲ್ಕತ್ತೆಯಲ್ಲಿ ಬೇಗಂ ರೊಕೆಯಾ ಅವರ ಶಾಲೆ ಇನ್ನೂ ಶುರುವಾಗಿರಲಿಲ್ಲ, ಅದು 1911ರದ್ದು. ಮಗಳು ಕುರ್‌ಆನ್ ಓದಿದರೆ ಸಾಕು, ಬರೆಯಲು ಕಲಿತರೆ ಕೆಡುತ್ತಾಳೆ ಎನ್ನುವವರು ಎಲ್ಲ ಊರಲ್ಲೂ ಇದ್ದರು. ಅಂಥ ಕಾಲದಲ್ಲಿ ಮಗಳನ್ನು ಶಾಲೆಗೆ ಕಳಿಸಿ ಎಂದು ಕೇಳಲು ಊರಿನವರಿಗೆ ನಂಬಿಕೆ ಇರುವ ಮನುಷ್ಯನೇ ಬೇಕು. ಬಿಳಿಗಡ್ಡದ ಮೌಲವಿ, ಅದೇ ಊರಿನವರು, ಯಾರ ಪುಸ್ತಕದಿಂದ ಮನೆಯ ಗಂಡುಮಕ್ಕಳು ಅಕ್ಷರ ಕಲಿತಿದ್ದರೋ ಅವರು. ಅಂಥವರು ಕೇಳಿದಾಗ ಇಲ್ಲ ಎನ್ನುವುದು ಕಷ್ಟವೇ.

ನಮ್ಮ ದಾದಿ ಇದಾಗಿ ಎಷ್ಟೋ ದಶಕಗಳ ಮೇಲೆ ಹುಟ್ಟಿದವರು. ಆದರೂ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಸುವಿನ ಪದ್ಯ ಅವರಿಗೆ ಪೂರ್ತಿ ಬರುತ್ತಿತ್ತು, ಯಾಕೆಂದರೆ ಅಣ್ಣಂದಿರು ಜೋರಾಗಿ ಓದುವಾಗ ಪಕ್ಕದಲ್ಲಿ ಕೂತು ಕೇಳಿದ್ದರು. ಅದೇ ಪದ್ಯವನ್ನು ಪುಸ್ತಕದಲ್ಲಿ ತೋರಿಸಿದರೆ ಗುರುತಿಸಲು ಬರುತ್ತಿರಲಿಲ್ಲ. ಮೇಷ್ಟ್ರು ಶಾಲೆ ತೆರೆದದ್ದು ಇಂಥ ಹುಡುಗಿಯರಿಗೇ. ನಮ್ಮ ಕಾಮರ್ಸ್ ವಿಭಾಗದಲ್ಲಿ ಇವತ್ತು ಹುಡುಗಿಯರ ಬೆಂಚುಗಳು ತುಂಬಿರುವುದನ್ನು ನೋಡುವಾಗ ನನಗೆ ದಾದಿ ನೆನಪಾಗುತ್ತಾರೆ.

ಕೊನೆಯ ವರ್ಷಗಳಲ್ಲಿಯೂ ಇಸ್ಮಾಯಿಲರು ಸುಮ್ಮನೆ ಕೂರಲಿಲ್ಲ. ಅಲಿಗಢದಿಂದ ಅಮೀರ್ ಖುಸ್ರೋ ಅವರ ಕೃತಿಗಳನ್ನು ಹೊಸದಾಗಿ ಅಚ್ಚು ಹಾಕಿಸುವ ಕೆಲಸ ನಡೆದಿತ್ತು. ಅದರಲ್ಲಿ ಕಿರಾನುಸ್ಸಾದೈನ್ ಎಂಬ ಕಾವ್ಯದ ಭಾಗ ಅವರ ಪಾಲಿಗೆ ಬಂತು. ಬಾಲ್ಯದಲ್ಲಿ ಕಲಿತ ಫಾರ್ಸಿ ಮುಪ್ಪಿನಲ್ಲಿ ಮತ್ತೆ ಕೈಗೆ ಬಂದಂತಾಯಿತು. 1917ರ ನವೆಂಬರ್ 1ರಂದು, 73 ತುಂಬಲು ಕೆಲವೇ ದಿನ ಇರುವಾಗ, ಮೀರತ್ತಿನಲ್ಲೇ ತೀರಿಕೊಂಡರು. ಮಗ ಅಸ್ಲಂ ಸೈಫಿ ಮುಂದೆ ತಂದೆಯ ಜೀವನಕಥೆಯನ್ನೂ ಪದ್ಯಗಳನ್ನೂ ಒಟ್ಟುಮಾಡಿ ಪ್ರಕಟಿಸಿದರು. ಹುಡುಗಿಯರ ಆ ಶಾಲೆ ನಿಲ್ಲಲಿಲ್ಲ. ಬೆಳೆದು ಕಾಲೇಜಾಗಿದೆ, ಇಸ್ಮಾಯಿಲ್ ನ್ಯಾಷನಲ್ ಮಹಿಳಾ ಸ್ನಾತಕೋತ್ತರ ಕಾಲೇಜು ಎಂದು ಅದರ ಹೆಸರು.