ನಾಯಿ ಕಚ್ಚಿದರೆ ಖಾರದ ಪುಡಿಯೇ? ಲೂಯಿ ಪಾಶ್ಚರ್ ಕಥೆ ಓದಿ
ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ, ಸುಣ್ಣ ಹಚ್ಚುವವರು ಬಾದಾಮಿ, ಹುನಗುಂದ, ಇಳಕಲ್ ಕಡೆ ಈಗಲೂ ಸಿಗುತ್ತಾರೆ. ಫ್ರಾನ್ಸಿನಲ್ಲಿ 1831ರಲ್ಲಿ ಹುಚ್ಚು ತೋಳ ಕಚ್ಚಿದವನಿಗೆ ಕಮ್ಮಾರ ಕಾದ ಕಬ್ಬಿಣದಿಂದ ಬರೆ ಹಾಕಿದ್ದನ್ನು ಬಾಲಕ ಪಾಶ್ಚರ್ ಕಂಡಿದ್ದರು. ಚರ್ಮ ಹದ ಮಾಡುವವರ ಮಗ. ಮುಂದೆ ರಸಾಯನ ವಿಜ್ಞಾನಿಯಾದರು, ಡಾಕ್ಟರ್ ಅಲ್ಲ.

1885ರ ಜುಲೈ 6. ಕಿರಾಣಿ ಅಂಗಡಿಯವನ ನಾಯಿ ಕಚ್ಚಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ನನ್ನು ತಾಯಿ ಪ್ಯಾರಿಸ್‌ಗೆ ಕರೆತಂದಳು. ಕಚ್ಚಿ ಎರಡು ದಿನವಾಗಿತ್ತು. ಲಸಿಕೆಯನ್ನು ನಾಯಿಗಳ ಮೇಲೆ ಪರೀಕ್ಷಿಸಿದ್ದರೂ ಮನುಷ್ಯರಲ್ಲಿ ಅದು ಸಾಬೀತಾಗಿರಲಿಲ್ಲ. ತಪ್ಪಿದ್ದರೆ ಹುಡುಗನ ಜೀವವೂ ಹೋಗುತ್ತಿತ್ತು, ಪಾಶ್ಚರ್ ಹೆಸರೂ. ವೈದ್ಯರಿಂದ 13 ಚುಚ್ಚುಮದ್ದು ಹಾಕಿಸಿದರು. ಹುಡುಗ ಬದುಕಿದ.

ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು. ಅದೇ ಈಗ ವಿಶ್ವ ರೇಬೀಸ್ ದಿನ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಈಗಿಲ್ಲ, ತೋಳಿಗೆ ಕೊಡುತ್ತಾರೆ. ಪಕ್ಕದ ಮನೆಯ ನಾಯಿಯೇ ಆದರೂ ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು.